ಬೈಲಹೊಂಗಲದ ಸೆರೆಯಲ್ಲಿ ಅತ್ತೆ ಸೊಸೆಯರು

ಕಿತ್ತೂರ ರಾಣಿ ಚೆನ್ನಮ್ಮನ ಸಮಾಧಿಯು ಬೈಲಹೊಂಗಲದಲ್ಲಿ ಇರುತ್ತದೆ. ಆಕೆಯ ಕತ್ತಿಯ ಸಂಗತಿಯನ್ನು ಈ ಸೀಮೆಯ ಚಿಕ್ಕ ಮಕ್ಕಳೂ ಬಲ್ಲರು. ಆದರೆ ಆಕೆಯು ಸವತಿಯಾಗಿಯೂ ವಿಧವೆಯಾಗಿಯೂ ಅತ್ತೆಯಾಗಿಯೂ ನಡೆದ ರೀತಿಯನ್ನು ಯೋಚಿಸುವವರು ಕೆಲವರೇ.

ಚೆನ್ನಮ್ಮನು 1778ರಲ್ಲಿ ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ ದೇಸಾಯರ ಮನೆಯಲ್ಲಿ ಹುಟ್ಟಿದಳು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯು ಆಕೆಯನ್ನು ಮದುವೆಯಾದಾಗ ಅರಮನೆಯಲ್ಲಿ ಹಿರಿಯ ಹೆಂಡತಿಯಾದ ರುದ್ರಮ್ಮನು ಇದ್ದಳು. ಇಬ್ಬರು ಹೆಂಡರಿರುವ ಮನೆಯಲ್ಲಿ ಯಾವಳ ಮಗನು ಗಾದಿಗೆ ಬರುವನೋ ಅವಳಿಗೇ ಮಾನ. ಮತ್ತೊಬ್ಬಳು ಮೂಲೆ ಸೇರತಕ್ಕದ್ದು. ಆದುದರಿಂದಲೇ ಸವತಿ ಎಂಬ ಮಾತು ನಮ್ಮಲ್ಲಿ ಹಗೆಗೆ ಇನ್ನೊಂದು ಹೆಸರಾಯಿತು. ಚೆನ್ನಮ್ಮನ ಸ್ವಂತ ಮಗನಾದರೋ ದೊರೆತನಕ್ಕೆ ಬಾರದೆ ತೀರಿಹೋದನು.

1816ರಲ್ಲಿ ಮಲ್ಲಸರ್ಜನು ಪೇಶವೆಯ ಸೆರೆಯಿಂದ ಬಿಡುಗಡೆ ಹೊಂದಿ ಹಿಂದಿರುಗುವಾಗ ಕಾಲವಾದನು. ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಗಾದಿಗೆ ಬಂದನು. ಚೆನ್ನಮ್ಮನು ಅವನನ್ನು ಸವತಿಯ ಮಗನೆಂದು ಹಳಿಯದೆ, ಅವನ ಮನೆತನವನ್ನು ತನ್ನದೆಂದೇ ಎಣಿಸಿದಳು. ಅವನೂ ಮಕ್ಕಳಿಲ್ಲದೆ 1824ರ ಸಪ್ಟಂಬರದಲ್ಲಿ ತೀರಿಕೊಂಡನು. ಆಗ ಅವನ ಹೆಂಡತಿಯಾದ ವೀರವ್ವನೂ ವಿಧವೆಯಾದಳು.

ಮನೆತನದವರು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತಕ್ಕೊಂಡಿದ್ದರು. ಈ ಹುಡುಗನ ಮೇಲೆಯೇ ಆ ಹೆಂಗಸರ ಬಾಳು ನಿಂತಿತ್ತು. ಯಾಕಂದರೆ ಗಂಡು ಸಂತಾನವಿಲ್ಲದ ಸಂಸ್ಥಾನವು ಕಂಪನಿ ಸರಕಾರಕ್ಕೆ ಸೇರಿದರೆ, ವಿಧವೆಯರು ಪರರು ಕೊಟ್ಟ ಹೊಟ್ಟೆಪಾಡಿನಿಂದ ಬದುಕಬೇಕು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಆ ದತ್ತಕವನ್ನು ಒಪ್ಪದೆ ಖಜಾನೆಗೆ ಕಾವಲಿಟ್ಟನು. ರಾಣಿಯು ಮುಂಬಯಿಯ ಗವರ್ನರನಾದ ಎಲ್ಫಿನ್‌ಸ್ಟನನಿಗೆ ಮನವಿ ಮಾಡಿಕೊಂಡರೂ ಫಲವಾಗಲಿಲ್ಲ. ಮೂವತ್ತು ವರುಷದ ತರುವಾಯ, 1854ರಲ್ಲಿ, ಝಾನ್ಸಿಯ ಲಕ್ಷ್ಮೀಬಾಯಿಗೂ ಇದೇ ಕಷ್ಟವು ಬಂತು.

1824ರ ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ಯುದ್ಧವಾಗಿ ಥ್ಯಾಕರೆಯು ಮಡಿದನು. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕಿದರು. ರಾಣಿಯು ಅವರ ಪ್ರಾಣವನ್ನು ಕಾಪಾಡಿ ಬಿಟ್ಟುಕೊಟ್ಟಳು. ಈ ಎಲಿಯಟನೇ ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿ ಹೆಸರಾದವನು. ಆದರೂ ಡಿಸೆಂಬರದಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು.

ಹೀಗೆ ಚೆನ್ನಮ್ಮನನ್ನೂ ವೀರವ್ವನನ್ನೂ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಆ ಸೊಸೆಯು ಯಾರೆಂದು ನೆನಸಿರಿ: ಸವತಿಯ ಮಗನ ಹೆಂಡತಿ. ರಾಜ್ಯವೂ ಭಂಡಾರವೂ ಹೋದ ಮೇಲೆ ಚೆನ್ನಮ್ಮನ ಬಳಿಯಲ್ಲಿ ಆಕೆಯೂ ಇದ್ದಳು. ನಾಲ್ಕು ವರುಷಕ್ಕಿಂತ ಹೆಚ್ಚಾಗಿ ಸೆರೆಯಲ್ಲಿದ್ದು, 1829ರ ಫೆಬ್ರುವರಿಯಲ್ಲಿ ಚೆನ್ನಮ್ಮನು ಅಲ್ಲೇ ಪ್ರಾಣಬಿಟ್ಟಳು. 2007ರಲ್ಲಿ ದಿಲ್ಲಿಯ ಪಾರ್ಲಿಮೆಂಟಿನ ಆವರಣದಲ್ಲಿ ಆಕೆಯ ಪ್ರತಿಮೆಯನ್ನು ನಿಲ್ಲಿಸಿದರು.

ಗಂಡಸರು ಮಾಡಿದ ಕಟ್ಟಳೆಯು ಒಂದೇ ಮನೆಯ ಹೆಂಗಸರನ್ನು ಒಬ್ಬರಿಗೊಬ್ಬರು ವೈರಿಗಳಾಗಿ ಮಾಡುವಂಥದ್ದಾಗಿತ್ತು. ಚೆನ್ನಮ್ಮನು ಆ ಕಟ್ಟಳೆಯನ್ನು ಮುರಿಯಲಾರದೆ ಹೋದರೂ ಆ ವೈರವನ್ನು ಮನೆಯೊಳಗೆ ಬರಗೊಡಲಿಲ್ಲ. ನಮ್ಮ ಮನೆಗಳಲ್ಲಿ ಗಾದಿಯೂ ಇಲ್ಲ, ಖಜಾನೆಯೂ ಇಲ್ಲ. ಆದರೂ ಒಂದು ಕೊಡ ನೀರಿಗಾಗಿ ಅತ್ತೆ ಸೊಸೆಯರೂ ನೆಗೆಣ್ಣಿಯರೂ ದಿನಗಟ್ಟಲೆ ಮಾತು ಬಿಡುವದುಂಟಲ್ಲವೇ? ಸಹೋದರಿಯರೇ, ಬೈಲಹೊಂಗಲದ ಸಂತೆಗೆ ಹೋದಾಗ ಆ ಸಮಾಧಿಯ ಬಳಿಯಲ್ಲಿ ತುಸು ಹೊತ್ತು ನಿಂತು ಇದನ್ನು ಯೋಚಿಸಿರಿ.