ಗ್ರೀಕ್ ನಾಟಕವನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ.

ಮುಳಬಾಗಿಲಿನ ಡಿ.ವಿ.ಜಿ. ಮತ್ತು ಮಾಲೂರು ತಾಲ್ಲೂಕಿನ ಮಾಸ್ತಿ ನಮ್ಮ ಕೋಲಾರ ಜಿಲ್ಲೆಯ ವಿದ್ಯಾರ್ಥಿಗಳಿಗೆ ಚಿರಪರಿಚಿತರು. ಇಬ್ಬರೂ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದವರು. ಇವರಿಬ್ಬರ ನಡುವೆ, 1938ರಿಂದ 1942ರವರೆಗೆ, ಆ ಹೊಣೆ ಹೊತ್ತವರು ಪ್ರೊ. ಬಿ.ಎಂ. ಶ್ರೀಕಂಠಯ್ಯನವರು. 'ಇಂಗ್ಲಿಷ್ ಗೀತಗಳು' ಕೃತಿಯಿಂದ ಅವರನ್ನು ಎಲ್ಲರೂ ಬಲ್ಲರು. ಗ್ರೀಕ್ ನಾಟಕಗಳಿಗಾಗಿ ಅವರು ಪಟ್ಟ ಶ್ರಮವನ್ನು ಬಲ್ಲವರು ಕಡಿಮೆ.

ಶ್ರೀಕಂಠಯ್ಯನವರು 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದರು. ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು ಮತ್ತು ಮದರಾಸಿನಲ್ಲಿ ಓದಿ, 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಕುವೆಂಪು, ಎಸ್.ವಿ. ರಂಗಣ್ಣ ಮೊದಲಾದವರು ಅವರ ಶಿಷ್ಯರು. ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡಕ್ಕೆ ಏನು ಬೇಕೆಂದು ಯೋಚಿಸಿದ ಗುರುಗಳವರು.

ಬೇರೆ ನಾಡಿನ ನಾಟಕವನ್ನು ಅರಿಯುವುದು ಸುಲಭವಲ್ಲ. 12ನೆಯ ಶತಮಾನದಲ್ಲಿ ಸ್ಪೇನಿನ ಮಹಾಪಂಡಿತ ಇಬ್ನ್ ರುಶ್ದ್, ಅರಿಸ್ಟಾಟಲನ ಕಾವ್ಯಶಾಸ್ತ್ರಕ್ಕೆ ಅರಬ್ಬಿಯಲ್ಲಿ ವ್ಯಾಖ್ಯಾನ ಬರೆದರು. ಶಾಸ್ತ್ರಗ್ರಂಥ ಅರಬ್ಬಿಗೆ ಬಂದಿತ್ತು, ನಾಟಕಗಳು ಬಂದಿರಲಿಲ್ಲ. ಹೀಗಾಗಿ ಅಷ್ಟು ದೊಡ್ಡ ವಿದ್ವಾಂಸರೂ ದುರಂತ ನಾಟಕವನ್ನು ಸ್ತುತಿಕಾವ್ಯವೆಂದೇ ವಿವರಿಸಬೇಕಾಯಿತು. ವ್ಯಾಖ್ಯಾನದ ಜೊತೆಗೆ ಕೃತಿಯೂ ನಮ್ಮ ಭಾಷೆಯಲ್ಲಿರಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಿ.ಎಂ.ಶ್ರೀ. ಆ ಕೊರತೆಯನ್ನು ಕನ್ನಡದಲ್ಲಿ ತುಂಬಿದರು. ದುರಂತ ನಾಟಕವನ್ನು 'ರುದ್ರನಾಟಕ'ವೆಂದು ಕರೆದು ಅದರ ಸ್ವರೂಪವನ್ನು ವಿವರಿಸಿದರು. ಸೋಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಕಥೆಗೆ ಒಗ್ಗಿಸಿ, 1929ರಲ್ಲಿ 'ಅಶ್ವತ್ಥಾಮನ್' ರಚಿಸಿದರು. ಮೂಲದ ವೀರ ಏಜಾಕ್ಸ್ ಅವಮಾನ ತಾಳದೆ ಪ್ರಾಣ ಬಿಡುತ್ತಾನೆ. ನಮ್ಮ ಪರಂಪರೆಯಲ್ಲಿ ಅಶ್ವತ್ಥಾಮ ಚಿರಂಜೀವಿ. ಅವನನ್ನು ಸಾಯಿಸಿದ್ದಕ್ಕೆ ಆಕ್ಷೇಪಣೆಗಳು ಬಂದವು. ಆದರೂ ನಾಟಕ ಉಳಿಯಿತು.

1935ರ 'ಪಾರಸಿಕರು' ಈಸ್ಕಿಲಸನ ನಾಟಕದ ಅನುವಾದ. ಕ್ರಿ.ಪೂ. 480ರ ಸಲಾಮಿಸ್ ಕದನದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು. ಎಂಟು ವರ್ಷಗಳ ನಂತರ ಈಸ್ಕಿಲಸ್ ಈ ನಾಟಕ ಆಡಿಸಿದ. ಗೆದ್ದ ನಾಡಿನ ಕವಿಯಾದರೂ ಅವನು ತೋರಿಸಿದ್ದು ಸೋತವರ ಮನೆಯ ದುಃಖವನ್ನು. ಮಗನಿಗಾಗಿ ಕಾಯುವ ರಾಜಮಾತೆ, ಪ್ರೇತವಾಗಿ ಬಂದು ಮಗನ ಅಹಂಕಾರವನ್ನು ಖಂಡಿಸುವ ದೊರೆ ದಾರಿಯಸ್, ಹರಿದ ಬಟ್ಟೆಯಲ್ಲಿ ಹಿಂತಿರುಗುವ ಕ್ಸರ್ಕ್ಸಸ್ ಇಲ್ಲಿದ್ದಾರೆ. ಉರ್ದು ಕಾವ್ಯ ಓದುವವರಿಗೆ 'ದಾರಾ' ಎಂಬ ಹೆಸರು ಹೊಸದಲ್ಲ. ದಾರಿಯಸ್ ಅದೇ ಹೆಸರಿನ ಗ್ರೀಕ್ ರೂಪ. ಶತ್ರುವಿನ ತಾಯಿಯ ಕಣ್ಣೀರೂ ಕಣ್ಣೀರೇ ಎಂಬ ಪಾಠ ಇಂದಿಗೂ ಬೇಕಾದದ್ದು.

ಮೈಸೂರು ಮಹಾರಾಜರು 1938ರಲ್ಲಿ ಅವರಿಗೆ 'ರಾಜಸೇವಾಸಕ್ತ' ಬಿರುದು ನೀಡಿದರು. ಕೊನೆಯ ದಿನಗಳಲ್ಲಿ ಧಾರವಾಡದಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು, 1946ರ ಜನವರಿ 5ರಂದು ಅಲ್ಲಿಯೇ ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಅನೇಕರು ಅಳುಕುತ್ತೀರಿ. ಇದು ಹೊರೆಯಲ್ಲ, ಮೂರು ಬಾಗಿಲುಗಳಿರುವ ಮನೆ. 'ಪಾರಸಿಕರು' ನಾಟಕದ ಹಳೆಯ ಶೈಲಿ ಮೊದಲು ಕಷ್ಟವೆನಿಸಬಹುದು. ಗುರುಗಳಿಂದ ಅರ್ಥ ಕೇಳಿಕೊಂಡು, ಗಟ್ಟಿಯಾಗಿ ಓದಿ ನೋಡಿ. ಒಂದು ಬಾಗಿಲಿನಿಂದ ಪಡೆದದ್ದನ್ನು ಇನ್ನೊಂದು ಬಾಗಿಲಿನಿಂದ ಹಂಚುವುದೇ ಬಿ.ಎಂ.ಶ್ರೀ. ನಡೆದು ತೋರಿಸಿದ ದಾರಿ.