ರಾಂಟ್ಜನ್ ಮಹಾಶಯರು

ಎಕ್ಸ್‌ರೇ ತೆಗೆಸಿಕೊಂಡವರಿಲ್ಲದ ಸಂಸಾರ ಇಂದು ವಿರಳ. ಆ ಕಿರಣಗಳನ್ನು ಲೋಕಕ್ಕೆ ಕೊಟ್ಟ ವಿಲ್ಹೆಲ್ಮ್ ರಾಂಟ್ಜನ್ನರ ಬಾಳನ್ನು ಬಲ್ಲವರು ಮಾತ್ರ ನಮ್ಮಲ್ಲಿ ಕಡಮೆ.

ಅವರು 1845ರ ಮಾರ್ಚ್ 27ರಂದು ಜರ್ಮನಿಯ ಲೆನ್ನೆಪ್ ಎಂಬ ಊರಿನ ಬಟ್ಟೆ ವ್ಯಾಪಾರಿಯ ಒಬ್ಬನೇ ಮಗನಾಗಿ ಹುಟ್ಟಿದರು. ಮೂರರ ಕೂಸಾಗಿದ್ದಾಗಲೇ ಸಂಸಾರ ಹಾಲೆಂಡಿಗೆ ಹೊರಟಿತು. ನಮ್ಮ ಮಕ್ಕಳಂತೆ ಪರಸ್ಥಳದ ನೀರು ಕುಡಿದು ಬೆಳೆದವರು. ಉಟ್ರೆಕ್ಟಿನ ಶಾಲೆಯಲ್ಲಿ ಉಪಾಧ್ಯಾಯರೊಬ್ಬರ ವಿಕಟಚಿತ್ರ ಬರೆದವನು ಬೇರೊಬ್ಬ. ಅವನ ಹೆಸರು ಹೇಳಲೊಪ್ಪದ್ದಕ್ಕೆ ಇವರನ್ನು ಹೊರಹಾಕಿದರು. ಶಾಲೆಯ ಪ್ರಮಾಣಪತ್ರವಿಲ್ಲದ ಈ ಹುಡುಗನನ್ನು 1865ರಲ್ಲಿ ಜೂರಿಕ್‌ನ ಪಾಲಿಟೆಕ್ನಿಕ್ ಸೇರಿಸಿಕೊಂಡಿತು.

1895ರ ನವೆಂಬರ್ 8ರ ಸಂಜೆ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಅವರೊಬ್ಬರೇ ಇದ್ದರು. ಗಾಳಿ ತೆಗೆದ ಗಾಜಿನ ನಳಿಗೆಗೆ ಕಪ್ಪು ರಟ್ಟು ಸುತ್ತಿ ವಿದ್ಯುತ್ ಹರಿಸಿದಾಗ, ದೂರದಲ್ಲಿದ್ದ ರಾಸಾಯನಿಕ ಲೇಪದ ಪರದೆ ಮಿನುಗಿತು. ಏಳು ವಾರ ಊಟ ನಿದ್ರೆಗಳನ್ನೂ ಅಲ್ಲಿಯೇ ಮುಗಿಸಿ ಪರೀಕ್ಷಿಸಿದರು. ಡಿಸೆಂಬರ್ 22ರಂದು ಪತ್ನಿ ಬರ್ತಾರ ಕೈಯನ್ನು ಫಲಕದ ಮೇಲಿರಿಸಿದಾಗ ಮೂಡಿದ್ದು ಬೆರಳೆಲುಬು ಮತ್ತು ಉಂಗುರ. ಬೀಜಗಣಿತದ ಅಜ್ಞಾತ ರಾಶಿಯ ಹೆಸರನ್ನೇ ಕಿರಣಕ್ಕಿಟ್ಟರು; ಅದೇ ನಮ್ಮ ಕ್ಷ-ಕಿರಣ.

ಪೇಟೆಂಟು ಪಡೆದಿದ್ದರೆ ಕೋಟ್ಯಧೀಶರಾಗಬಹುದಿತ್ತು. ಅವರು ಪಡೆಯಲಿಲ್ಲ. ಯಾರು ಬೇಕಾದರೂ ಬಳಸಲೆಂದು ಬಿಟ್ಟರು; ತಿಂಗಳೊಪ್ಪತ್ತಿನಲ್ಲಿ ವೈದ್ಯರು ಬಳಸತೊಡಗಿದರು.

ಆದರೆ ಆ ಚಿತ್ರ ಬರಿಯ ನೆರಳು. ಮುಂದಿನ ಎಲುಬು ಹಿಂದಿನದನ್ನು ಮರೆಮಾಡುತ್ತದೆ. ಒಂದು ಚೌಕದ ಅಡ್ಡ, ಉದ್ದ, ಓರೆ ಸಾಲುಗಳ ಮೊತ್ತಗಳಷ್ಟೇ ತಿಳಿದಿದ್ದು ಒಳಮನೆಗಳ ಅಂಕಿಗಳನ್ನು ಹೊರಡಿಸುವ ಲೆಕ್ಕ ನಮ್ಮಂಥ ಖಾತೆಪುಸ್ತಕದವರಿಗೆ ರುಚಿಸೀತು. ಸಿ.ಟಿ. ಸ್ಕ್ಯಾನ್ ಮಾಡುವುದು ಅದನ್ನೇ: ಸುತ್ತಲಿಂದ ಕಿರಣ ಹಾಯಿಸಿ, ಪ್ರತಿ ದಿಕ್ಕಿನಲ್ಲಿ ಎಷ್ಟು ಹೀರಿಕೊಂಡಿತೆಂದು ಅಳೆದು, ಬಿಂದು ಬಿಂದುವಿನ ಸಾಂದ್ರತೆಯನ್ನು ಗಣಕದಿಂದ ಕಂಡುಹಿಡಿಯುತ್ತದೆ. ಇದರ ಗಣಿತವನ್ನು ರಾಡೋನ್ ಎಂಬುವರು 1917ರಲ್ಲೇ ಬರೆದಿದ್ದರು. ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ತೋರಿಸಿದ್ದು 1971ರಲ್ಲಿ.

ಅದನ್ನು ರಾಂಟ್ಜನ್ನರು ಕಾಣಲಿಲ್ಲ. 1901ರಲ್ಲಿ ಭೌತವಿಜ್ಞಾನದ ಮೊತ್ತಮೊದಲ ನೊಬೆಲ್ ಬಹುಮಾನ ಅವರಿಗೆ ಬಂದಿತು. ಹಣವನ್ನು ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯಕ್ಕೆ ಬಿಟ್ಟರು. ಯುದ್ಧಾನಂತರದ ಹಣದುಬ್ಬರ ಆ ನಿಧಿಯನ್ನೂ ಅವರ ಸ್ವಂತ ಉಳಿತಾಯವನ್ನೂ ನುಂಗಿತು. 1914ರಲ್ಲಿ ಡಾಲರಿಗೆ ನಾಲ್ಕು ಚಿಲ್ಲರೆ ಮಾರ್ಕಿತ್ತು. 1923ರ ನವೆಂಬರಿನಲ್ಲಿ ನಾಲ್ಕು ಲಕ್ಷ ಕೋಟಿ! ಬ್ಯಾಂಕಿನವರ ಎದೆ ನಡುಗುವ ಅಂಕಿಯಿದು. 1919ರಲ್ಲಿ ಬರ್ತಾ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಅವರು 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರಿನಿಂದ ಗತಿಸಿದರು. ಗೀಸೆನ್ ಊರಿನಲ್ಲಿ ತಂದೆತಾಯಿಗಳ, ಪತ್ನಿಯ ಬಳಿ ಅವರ ಸಮಾಧಿಯಿದೆ. ಕಾಗದಪತ್ರಗಳನ್ನು ಅವರ ಇಚ್ಛೆಯಂತೆಯೇ ಸುಟ್ಟುಹಾಕಿದರು.