ಕೈಕಸುಬಿನ ಮಹಾಪೋಷಕಿ ಕಮಲಾದೇವಿ ಚಟ್ಟೋಪಾಧ್ಯಾಯ

ಸ್ವಾತಂತ್ರ್ಯ ಸಂಗ್ರಾಮದ ವೀರವನಿತೆಯರನ್ನು ಹೆಸರಿಸುವಾಗ ಕಮಲಾದೇವಿಯವರ ಹೆಸರು ತಪ್ಪದೆ ಬರುತ್ತದೆ. ಆದರೆ ಆ ಮಹನೀಯೆ ತಮ್ಮ ಬಾಳಿನ ಉತ್ತರಾರ್ಧವನ್ನು ಸೂಜಿ, ಮಗ್ಗ, ಕುಂಬಾರನ ತಿಗರಿ, ಬಡಗಿಯ ಉಳಿ ಇವುಗಳ ಸೇವೆಗೆ ಮುಡಿಪಾಗಿಟ್ಟರೆಂಬ ಸಂಗತಿ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. ಈ ಕಿರುಲೇಖನದಲ್ಲಿ ಆ ಭಾಗಕ್ಕೇ, ಅದರಲ್ಲಿಯೂ ಸೂಜಿದಾರದ ಕೆಲಸಕ್ಕೇ, ಹೆಚ್ಚಿನ ಎಡೆ ಕೊಟ್ಟಿದ್ದೇನೆ.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಸರಕಾರದ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿನ ರುಚಿಯುಳ್ಳ ಸ್ವಾಭಿಮಾನಿ. ಮಗಳು ಏಳು ವರ್ಷದವಳಿದ್ದಾಗ ತಂದೆ ತೀರಿಕೊಂಡರು, ಮರಣಪತ್ರ ಬರೆದಿಟ್ಟಿರಲಿಲ್ಲ. ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಸೇರಿತು. ತಾಯಿಗೂ ಹೆಣ್ಣುಮಕ್ಕಳಿಗೂ ಉಳಿದುದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನೂ ಬೇಡವೆಂದು ತಳ್ಳಿ, ತವರಿನಿಂದ ತಂದ ಸೊತ್ತಿನ ಮೇಲೆಯೇ ಸಂಸಾರ ಸಾಗಿಸಿದರು. ಹೆಂಗಸರ ದುಡಿಮೆಗೆ ಬೆಲೆ ಬರಬೇಕೆಂದು ಕಮಲಾದೇವಿಯವರು ಮುಂದೆ ಹಿಡಿದ ಹಟದ ಬೇರು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಹದಿನಾಲ್ಕರ ಹರೆಯದಲ್ಲಿ ಮದುವೆ. ಎರಡೇ ವರ್ಷಗಳಲ್ಲಿ ವೈಧವ್ಯ. ಅಷ್ಟಕ್ಕೆ ಅವರ ಓದು ನಿಲ್ಲಲಿಲ್ಲ. ಮದರಾಸಿನಲ್ಲಿ ಓದುತ್ತಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಬಂಧುಬಳಗದ ವಿರೋಧವನ್ನು ಲೆಕ್ಕಿಸದೆ ಅವರನ್ನು ವರಿಸಿದರು. ಈ ದಾಂಪತ್ಯ ಮುಂದೆ ವಿಚ್ಛೇದನದಲ್ಲಿ ಮುಗಿಯಿತು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಕಮಲಾದೇವಿಯವರು ಅಸಹಕಾರದ ಸುದ್ದಿ ಕೇಳಿ 1923ರಲ್ಲಿ ಸ್ವದೇಶಕ್ಕೆ ಮರಳಿದರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯವರೊಡನೆ ವಾದಿಸಿದವರಲ್ಲಿ ಅವರು ಮುಖ್ಯರು. ಮುಂಬಯಿಯ ಶೇರುಪೇಟೆಯೊಳಕ್ಕೆ ಉಪ್ಪಿನ ಪೊಟ್ಟಣಗಳನ್ನು ಮಾರಲು ನುಗ್ಗಿ ಸೆರೆಯಾದರು.

ಸ್ವಾತಂತ್ರ್ಯ ಬಂದಿತು, ಅದರ ಬೆನ್ನಿಗೇ ದೇಶವಿಭಜನೆಯ ದುರಂತವೂ ಬಂದಿತು. ಜೊತೆಯವರು ಅಧಿಕಾರದ ಪೀಠಗಳತ್ತ ನಡೆದಾಗ ಕಮಲಾದೇವಿಯವರು ನಿರಾಶ್ರಿತರ ಡೇರೆಗಳತ್ತ ನಡೆದರು. ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿ, ದಿಲ್ಲಿಯ ಬಳಿಯ ಫರೀದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದವರಿಗೆ ನೆಲೆಯೂ ಕಸುಬೂ ದೊರೆಯಲು ದುಡಿದರು. ಎಲ್ಲವನ್ನೂ ಕಳೆದುಕೊಂಡು ಬಂದವರ ಬಳಿ ಉಳಿದಿದ್ದುದು ಕೈಯ ಕುಶಲತೆಯೊಂದೇ. ಅದಕ್ಕೆ ಪೇಟೆ ದೊರಕಿಸಿದರೆ ಅವರು ದಾನಕ್ಕೆ ಕೈಯೊಡ್ಡಬೇಕಾಗಿಲ್ಲವೆಂಬುದು ಅವರ ನಂಬಿಕೆಯಾಗಿತ್ತು. 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಗೆ ಅವರೇ ಅಧ್ಯಕ್ಷರಾದರು. ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ವಿನ್ಯಾಸ ಕೇಂದ್ರಗಳು ತೆರೆದವು. ಕಾಳಹಸ್ತಿಯಲ್ಲಿ ಕಲಂಕಾರಿ ಕಲಿಸುವ ಏರ್ಪಾಡಾಯಿತು. ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂದಿತು.

ಅವರು 1977ರಲ್ಲಿ ಭಾರತದ ಕಸೂತಿಗಳನ್ನು ಕುರಿತೇ ಒಂದು ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಸೂಜಿಯ ಕೆಲಸದಲ್ಲಿ ಇಷ್ಟು ವಿದ್ಯೆ ಇದೆಯೇ ಎಂದು ಸಂದೇಹಪಡುವವರು ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯ ಕಸೂತಿಯನ್ನೇ ನೋಡಬೇಕು. ಇದಕ್ಕೆ ನಕ್ಷೆ ಬರೆದುಕೊಳ್ಳುವ ರೂಢಿಯಿಲ್ಲ. ಸೀರೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಕಡೆಯಿಂದ ಎಡೆಬಿಟ್ಟು ಹೋಗುತ್ತದೆ, ಬಂದ ದಾರಿಯಲ್ಲಿಯೇ ಮರಳುತ್ತ ಬಿಟ್ಟ ಎಡೆಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಆದ್ದರಿಂದ ಬಟ್ಟೆಯ ಎರಡು ಮೈಗಳಲ್ಲಿಯೂ ಚಿತ್ರ ಒಂದೇ ಸಮನಾಗಿ ಮೂಡುತ್ತದೆ. ಹೋಗುವಾಗ ಒಂದೇ ಒಂದು ಎಳೆ ಎಣಿಕೆ ತಪ್ಪಿತೆನ್ನಿ, ಮರಳುವಾಗ ಗೆರೆ ಕೂಡುವುದಿಲ್ಲ. ಬಿಚ್ಚಿ ಮತ್ತೆ ಹಾಕಬೇಕು. ಮುರಗಿಯೂ ಹೀಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ನೇಗಿ ಎಂದರೆ ನೆಯ್ಗೆಯಂತೆ ಕಾಣುವುದು. ಅದರ ಹಿಂಬದಿ ಬೇರೆಯಾಗಿರುತ್ತದೆ. ಮೆಂತಿಯದು ಅಡ್ಡಡ್ಡ ಕೂಡಿದ ದಟ್ಟ ಹೊಲಿಗೆ. ಮೆಂತ್ಯದ ಕಾಳಿನಂತೆ ಕೈಗೆ ಒರಟಾಗಿ ತಾಗುತ್ತದೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ ಎಲ್ಲವೂ ಈ ನಾಲ್ಕರಿಂದಲೇ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಈ ಎಣಿಕೆಯನ್ನು ಬಾಯಿಪಾಠವಾಗಿ ಇಟ್ಟುಕೊಂಡು ಬಂದಿದ್ದಾರೆ. ಇದು ಗಣಿತವಲ್ಲದೆ ಮತ್ತೇನು?

ನಮ್ಮ ಔರಾದ ಕಡೆ ಈ ಕಸೂತಿ ಅಷ್ಟಾಗಿ ರೂಢಿಯಲ್ಲಿಲ್ಲ. ಎಕಂಬಾದಂತಹ ಊರುಗಳಲ್ಲಿ ಕಾಣುವುದು ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ದಾರ ಓಡಿಸುತ್ತಾರೆ. ಈ ಸಾಲುಗಳಿಂದಲೇ ಬಟ್ಟೆಗೆ ನೀರಿನ ಅಲೆಯಂತಹ ಮೈ ಬರುತ್ತದೆ. ತಾಂಡಾಗಳ ಲಂಬಾಣಿ ಹೆಂಗಸರು ಕನ್ನಡಿಚೂರು, ಕವಡೆಗಳನ್ನು ಕೂಡಿಸಿ ಹೊಲಿಯುವ ಬಗೆ ಇನ್ನೊಂದು. ಮನೆಯ ಕೂಸಿಗೆ ಹೊಲಿದ ಕುಂಚಿಗೆಗೂ ಕೌದಿಗೂ ಎಷ್ಟು ಹೊತ್ತು ಹಿಡಿಯಿತೆಂದು ಯಾರು ಲೆಕ್ಕವಿಡುತ್ತಾರೆ? ಅದನ್ನು ಬಿಡುವಿನ ಕೆಲಸವೆಂದು ಕರೆದುಬಿಡುತ್ತೇವೆ. ಹೊಲದಿಂದ ಬಂದು, ಒಲೆಯ ಕೆಲಸ ಮುಗಿಸಿ ಸೂಜಿ ಹಿಡಿಯುವವಳಿಗೆ ಬಿಡುವೆಲ್ಲಿಯದು! ಕಮಲಾದೇವಿಯವರು ಜಗಳವಾಡಿದ್ದು ಈ ಲೆಕ್ಕವಿಲ್ಲದಿರುವಿಕೆಯೊಡನೆಯೇ.

ಆದರೆ ಪೇಟೆಯೆಂಬುದು ಎರಡಲಗಿನ ಕತ್ತಿ. ಬೇಡಿಕೆ ಹೆಚ್ಚಿದಂತೆ ಬೇಗ ಮುಗಿಯುವ, ಅಗ್ಗದ ಮಾಲನ್ನೇ ವ್ಯಾಪಾರಿ ಕೇಳುತ್ತಾನೆ. ಹೊಲಿದವಳಿಗೆ ಕಾಸು, ನಡುವಿನವನಿಗೆ ರೂಪಾಯಿ. ಇದನ್ನು ತಪ್ಪಿಸಲೆಂದೇ ಕಮಲಾದೇವಿಯವರು ಸಹಕಾರಿ ಸಂಘಗಳಿಗೆ ಅಷ್ಟು ಒತ್ತು ಕೊಟ್ಟರು. ದಿಲ್ಲಿಯ ಗೃಹಕೈಗಾರಿಕಾ ಎಂಪೋರಿಯಮ್ಮಿನ ಆಡಳಿತವೂ 1952ರಲ್ಲಿ ಅವರ ಸಹಕಾರಿ ಯೂನಿಯನ್ನಿನ ಕೈಗೆ ಬಂದಿತು. ಈ ವ್ಯವಸ್ಥೆ ಎಲ್ಲ ಹಳ್ಳಿಗಳಿಗೂ ಮುಟ್ಟಿತೆಂದು ಹೇಳಲಾಗದು. ನಮ್ಮಂತಹ ಗಡಿಭಾಗದ ಕೌದಿಗೆ ಪೇಟೆ ಇಂದಿಗೂ ದೂರವೇ.

1964ರಲ್ಲಿ ಭಾರತ ಕರಕುಶಲ ಪರಿಷತ್ತನ್ನು ಸ್ಥಾಪಿಸಿದರು. ಅದೇ ವರ್ಷ ಹುಟ್ಟಿದ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪಕರಲ್ಲಿಯೂ ಅವರು ಒಬ್ಬರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ದೊರೆತವು. 1988ನೆಯ ಇಸವಿ ಅಕ್ಟೋಬರ್ 29ರಂದು, 85ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ನಿಧನ ಹೊಂದಿದರು.

ಈಗ ಯಂತ್ರದಲ್ಲಿ ಹೊಲಿದ ಕಸೂತಿ ಸೀರೆಗಳು ಅಗ್ಗದ ಬೆಲೆಗೆ ಧಾರಾಳವಾಗಿ ಬಂದಿವೆ. ಮುಂಬದಿಯಿಂದ ನೋಡಿದರೆ ವ್ಯತ್ಯಾಸ ತಿಳಿಯುವುದು ಕಷ್ಟ. ಗವಂತಿಯೆಂದು ಹೇಳಿ ಮಾರುವ ಸೀರೆಯ ಸೆರಗನ್ನು ತಿರುಗಿಸಿ ಹಿಂಬದಿ ನೋಡಿ: ಚಿತ್ರ ಅಲ್ಲಿಯೂ ಅಷ್ಟೇ ಸ್ವಚ್ಛವಾಗಿದ್ದು, ಎಲ್ಲಿಯೂ ಗಂಟು ಸಿಗದಿದ್ದರೆ, ಎಳೆ ಎಣಿಸಿ ಹೊಲಿದವಳೊಬ್ಬಳು ಇದ್ದಾಳೆ.